ಉಲ್ಟಾ ಕೂತ ತುಂಡು

ಮಂಗಳವಾರ, ನವೆಂಬರ್ ೧೨

ಮದುವೆಯಾಗಿ ತಿಂಗಳೂ ತುಂಬಿಲ್ಲ, ಆಗಲೇ ನನಗೊಬ್ಬಳು ಸವತಿ! ಅನಿಕೇತನ ಲ್ಯಾಬಿನ ನಿವೇದಿತಾ. ದಿನಾ ಸಂಜೆ ಫೋನು. ಇಬ್ಬರೂ ಸೇರಿ ಕಂಪ್ಯೂಟರಿನೊಳಗೆ ನೊಣಗಳ ಎರಡು ಊರು ಕಟ್ಟಿದ್ದಾರೆ, ತಲೆಮಾರಿನಿಂದ ತಲೆಮಾರಿಗೆ ಜೀನ್‌ಗಳು ಹೇಗೆ ಬದಲಾಗುತ್ತವೆ ಅಂತ ನೋಡಲು. ಒಂದರ ಹೆಸರು ಗುಬ್ಬಿ, ಅವನ ಊರು. ಇನ್ನೊಂದು ಕುಣಿಗಲ್, ನನ್ನ ತವರು. ಹೆಸರಿಟ್ಟವಳು ಅವಳು!

ಲೆಕ್ಕ ನಿಜವಾದ ನೊಣಗಳಿಗೆ ತಾಳೆಯಾಗುತ್ತಿಲ್ಲವೆಂದು ಅನಿಕೇತ್ ವಾರದಿಂದ ಮುಖ ಊದಿಸಿಕೊಂಡಿದ್ದ. ಇವತ್ತು ಕೇಳಿಯೇಬಿಟ್ಟೆ, ಅದರಲ್ಲಿ ಅಂಥದ್ದೇನಿದೆ ಅಂತ.

"ಕ್ರೋಮೋಸೋಮಲ್ಲಿ ಒಂದು ತುಂಡು ಉಲ್ಟಾ ಕೂತ್ಬಿಡತ್ತೆ ಕಣೇ. ಅದರಲ್ಲಿರೋ ಜೀನ್‌ಗಳು ನೆಟ್ಟಗಿರೋದ್ರ ಜೊತೆ ಬೆರೆಯಲ್ಲ, ತಮ್ಮತಮ್ಮಲ್ಲೇ ಇರ್ತವೆ."

"ನೀನೂ ನಿವೇದಿತಾನೂ ಇರೋ ಥರ. ಹೊರಗಿನವರ ಜೊತೆ ಯಾವತ್ತೂ ಬೆರೆಯಲ್ವಾ? ಒಂದೇ ಒಂದ್ಸಲಾನೂ?" ನನಗೆ ಅಳುವೇ ಬಂದಿತ್ತು.

ಅವನು ಓಡಿಹೋಗಿ ಕಂಪ್ಯೂಟರ್ ತೆರೆದು ನೋಡಿದ. ಅಪರೂಪಕ್ಕೆ ಬೆರೆಯುತ್ತವಂತೆ, ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದು ಹಾಕಿದ್ದೇ ತಪ್ಪಂತೆ! "ನೀನು ಬಂಗಾರ ಕಣೇ!" ಎಂದು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ. ಎಷ್ಟು ಖುಷಿಯಾಗಿತ್ತು! ಕೆಳಗಿಳಿಸಿದ ಮರುಕ್ಷಣವೇ ಫೋನು ಮಾಡಿದ. ಅವಳಿಗೆ.

ಈಗಲೂ ಹಾಲ್‌ನಲ್ಲಿ ನಗುತ್ತಾ ಮಾತಾಡುತ್ತಿದ್ದಾನೆ. ನನ್ನ ಹೆಸರು ಹೇಳಿದ್ದೂ ಕೇಳಿಸಿತು. ಹೊಗಳಿದ. ಆದರೂ ಆ ಖುಷಿ ಇನ್ನೂ ಸ್ವಲ್ಪ ಹೊತ್ತು ನನ್ನೊಬ್ಬಳದೇ ಆಗಿ ಇರಬೇಕಿತ್ತು.