ನೀಲವ್ವ ಸಮುದ್ರ ನೋಡಿದ ಬೇಸಿಗೆ

ವಿಜಯಪುರ,
ಮರುಮೇ ತಿಂಗಳ ನಾಲ್ಕನೆಯ ದಿನ, ೨೧೮೭

ಪೂಜ್ಯ ಶಶಿರೇಖಾ ಮುತ್ತಜ್ಜಿಯವರಿಗೆ, ನಿಮ್ಮ ಆರನೆಯ ತಲೆಮಾರಿನ ಶಾಲ್ಮಲಾ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತ ಹೋದಂತೆ ನಮ್ಮ ಹಿರಿಯರು ಮೇ ತಿಂಗಳ ಬೆನ್ನಿಗೇ ಇನ್ನೊಂದು ಮೇ ಸೇರಿಸಿದರು. ಅದೇ ಮರುಮೇ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಎಷ್ಟೋ ಮಾತುಗಳು ನನಗೂ ಹಾಗೆಯೇ. 'ಬೇಸಿಗೆ ರಜೆ' ಎಂದರೇನೆಂದು ನಮ್ಮಜ್ಜಿ ನನಗೆ ಬಿಡಿಸಿ ಹೇಳಬೇಕಾಯಿತು. ನೀವು ಪ್ರತಿ ಮೇ ತಿಂಗಳು ಎಳೆಗೂಸನ್ನು ಕಾರಿನಲ್ಲಿ ಮಲಗಿಸಿಕೊಂಡು ಅಂಕೋಲೆಯ ಕಡಲಿಗೆ ಹೋಗುತ್ತಿದ್ದಿರಂತೆ. ಅಲೆ ಬಂದು ಪಾದ ಮುಟ್ಟಿದಾಗ ಕೂಸು ಕಾಲು ಮಡಚಿಕೊಂಡು ಕೇಕೆ ಹಾಕುತ್ತಿತ್ತಂತೆ. ಈ ಕಥೆ ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಇಳಿದು ಬಂದಿದೆ. ಹುಡುಗಿಯಾಗಿದ್ದಾಗ ಅದನ್ನು ಕೇಳಿ ನಿಮ್ಮನ್ನು ಬೈಯುತ್ತಿದ್ದೆ: ಅವರು ತಿರುಗಾಡಿದರು, ನಾವು ಬೇಯುತ್ತಿದ್ದೇವೆ ಎಂದು. ತಾಯಿಯಾದ ಮೇಲೆ ಆ ಸಿಟ್ಟು ಹೊಟ್ಟೆಕಿಚ್ಚಾಯಿತು.

ನಮ್ಮ ಬೇಸಿಗೆಗೆ ಮುಚ್ಚುಗಾಲ ಎನ್ನುತ್ತೇವೆ. ಹೊತ್ತೇರುವ ಮೊದಲೇ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಸಂಜೆ ನೆಲ ಆರುವವರೆಗೆ ಯಾರೂ ಹೊಸ್ತಿಲು ದಾಟುವುದಿಲ್ಲ. ಮನೆಗಳ ಅರ್ಧ ನೆಲದೊಳಗಿದೆ. ಅಡುಗೆ, ಪಾಠ, ಜಗಳ ಎಲ್ಲವೂ ಅಲ್ಲೇ. ನನ್ನ ಮಗಳು ನೀಲವ್ವ ಅಂಬೆಗಾಲಿಡಲು ಕಲಿತದ್ದು ಆ ನೆಲಮನೆಯಲ್ಲಿ. ಗೋಡೆಯಿಂದ ಗೋಡೆಗೆ ಹೋಗಿ ಮತ್ತೆ ತಿರುಗುವಳು. ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಗೆರೆಯನ್ನು ಹಿಡಿಯಹೋಗಿ, ಅದು ಕೈಗೆ ಬಾರದೆ ಅಳುವಳು. ಕೂಸಿಗೆ ಉಸಿರು ಕಟ್ಟುತ್ತಿದೆ ಎಂದು ನನ್ನ ಗಂಡ ಮಲ್ಹಾರನಿಗೆ ಹೇಳುತ್ತಿದ್ದೆ. ಕಟ್ಟುತ್ತಿದ್ದುದು ನನಗೆ.

ಹೋದ ಬೇಸಿಗೆಯಲ್ಲಿ ಮೊದಲು ಆಲಮಟ್ಟಿಯ ಹಿನ್ನೀರಿಗೆ ಹೋದೆವು. ನೇಯ್ಗೆಯೊಳಗೇ ನೀರು ಹಿಡಿದಿಟ್ಟುಕೊಳ್ಳುವ ಬಟ್ಟೆಯೊಂದಿದೆ, ನೀರರಿವೆ ಎನ್ನುತ್ತೇವೆ. ಅದರಲ್ಲಿ ನೀಲವ್ವನನ್ನು ಸುತ್ತಿಕೊಂಡು ಮಬ್ಬುಗತ್ತಲಲ್ಲಿ ಹೊರಟು, ಬಾಗಿಲು ಹಾಕುವ ಹೊತ್ತಿಗೆ ಮರಳಿದೆವು. ಅವಳ ಮುಷ್ಟಿಯಲ್ಲಿ ಹಸಿ ಮಣ್ಣಿತ್ತು. ಆಮೇಲೆ ಬಾದಾಮಿ. ಗುಹೆಯ ತಣ್ಣನೆಯ ಕಲ್ಲಿಗೆ ಕೆನ್ನೆಯಿಟ್ಟು ಅವಳು ನಿದ್ದೆ ಹೋದಳು. ಎರಡು ಸಲ ಏನೂ ಆಗಲಿಲ್ಲವಲ್ಲ, ನನಗೆ ಧೈರ್ಯ ಬಂತು. ಸಮುದ್ರಕ್ಕೆ ಹೋಗೋಣ ಎಂದೆ. ನನ್ನ ಅತ್ತೆ ಸುಮ್ಮನಿರಲಿಲ್ಲ.

"ಹಡದಾಕಿಗೆ ಹೌಸಿ ಇದ್ರ ಕೂಸನ್ಯಾಕ ಸುಡಬೇಕವಾ?" ಎಂದರು.

ದೂರದೂರಿಗೆ ತಂಪುಬಂಡಿಯಲ್ಲಿ ಹೋಗಬೇಕು. ಅದು ನಡುದಾರಿಯಲ್ಲಿ ಕೆಟ್ಟರೆ ತಂಪು ಉಳಿಯುವುದು ಒಳಗೂಡು ಎಂಬ ಪುಟ್ಟ ಕೋಣೆಯಲ್ಲಿ ಮಾತ್ರ. ಅದರಲ್ಲಿ ಹಿಡಿಸುವಷ್ಟೇ ಮುದುಕರನ್ನೂ ರೋಗಿಗಳನ್ನೂ ಹತ್ತಿಸಿಕೊಳ್ಳುತ್ತಾರೆ. ವರ್ಷ ತುಂಬದ ಕೂಸುಗಳಿಗೆ ಮುಚ್ಚುಗಾಲದಲ್ಲಿ ಅಪ್ಪಣೆಯೇ ಇಲ್ಲ. ಹತ್ತುವಾಗ ಕೇಳಿದರು. ನೀಲವ್ವನಿಗೆ ಆಗ ಒಂಬತ್ತು ತಿಂಗಳು.

"ವರ್ಷ ತುಂಬೇತ್ರಿ," ಎಂದೆ. ಮಲ್ಹಾರ ನನ್ನ ಮುಖ ನೋಡಿ, ಗಂಟು ಎತ್ತಿಕೊಂಡು ಹತ್ತಿದ.

ಹುಬ್ಬಳ್ಳಿಯಲ್ಲಿ ಚನ್ನವೀರಪ್ಪ ಎಂಬ ಮುದುಕರು ಮಗಳು ಸರ್ವಮಂಗಳಾ ಜೊತೆ ಹತ್ತಿದರು. ಹಾರ್ಮೋನಿಯಂ ಮಾಡುವವರು, ಅಂಕೋಲೆಯಲ್ಲಿ ತಮ್ಮನಿದ್ದಾನೆ, ನೋಡಿ ಬಹಳ ದಿನವಾಯಿತು ಎಂದರು. ಮುಂದಿನ ಸೀಟಿನ ಬೆನ್ನಿನ ಮೇಲೆ ಬೆರಳಾಡಿಸಿ, ಬಾಯಲ್ಲೇ ಸ್ವರ ಹೊರಡಿಸಿ ನೀಲವ್ವನನ್ನು ನಗಿಸಿದರು.

ಯಲ್ಲಾಪುರ ದಾಟಿದ ಮೇಲೆ, ಬೋಳು ಗುಡ್ಡಗಳ ನಡುವೆ ಬಂಡಿ ಕೆಟ್ಟು ನಿಂತಿತು. ಮುದುಕರೆಲ್ಲ ಒಳಗೂಡಿಗೆ ಹೋದರು. ನಾವು ಹೊರಗುಳಿದೆವು. ನೀರರಿವೆ ಒಣಗತೊಡಗಿತು. ನೀಲವ್ವ ಮೊದಲು ಚೀರಿದಳು, ಆಮೇಲೆ ಕುಂಯ್‌ಗುಟ್ಟಿದಳು, ಆಮೇಲೆ ಸುಮ್ಮನಾದಳು. ನಾನು ಒಳಗೂಡಿನ ಬಾಗಿಲು ಬಡಿದೆ.

"ಜಾಗಾ ಇಲ್ರಿ," ಎಂದರು ಯಾರೋ.

"ಒಂಬತ್ತು ತಿಂಗಳ ಕೂಸೈತ್ರಿ!" ಎಂದು ಅರಚಿದೆ. ನಿಜ ಹೊರಬಿದ್ದದ್ದು ಹಾಗೆ.

ಚನ್ನವೀರಪ್ಪ ಹೊರಬಂದರು. "ನೀ ಒಳಗ ಹೋಗವಾ. ನನ್ನ ಜಾಗಾದಾಗ ಕುಂದ್ರು."

ಸರ್ವಮಂಗಳಾ ಅವರ ತೋಳು ಹಿಡಿದಳು. "ಅಪ್ಪಾ, ಇವರು ಸುಳ್ಳು ಹೇಳಿ ಹತ್ಯಾರ."

"ಕೂಸು ಹೇಳಿಲ್ಲಲ್ಲವಾ," ಎಂದರು ಮುದುಕರು.

ನಾನು ಒಳಗೆ ಹೋದೆ. ಮುತ್ತಜ್ಜಿ, ಬಾಯಿಮಾತಿಗೂ 'ಬ್ಯಾಡ್ರಿ' ಎನ್ನಲಿಲ್ಲ. ತಣ್ಣನೆಯ ಗಾಳಿ ಮುಖಕ್ಕೆ ತಾಗಿದಾಗ ಕೂಸಿನ ನೆವದಲ್ಲಿ ನನ್ನ ಜೀವವೂ ಹಾಯೆಂದಿತು.

ಇನ್ನೊಂದು ಬಂಡಿ ಬರುವ ಹೊತ್ತಿಗೆ ಮುದುಕರ ಮೈ ಬೆವರುವುದನ್ನು ನಿಲ್ಲಿಸಿತ್ತು. ಸರ್ವಮಂಗಳಾ ಸೆರಗಿನಿಂದ ಗಾಳಿ ಹಾಕುತ್ತ ಅವರ ಹೆಸರು ಹಿಡಿದು ಕೂಗುತ್ತಿದ್ದಳು. ಅಪ್ಪಾ ಎಂದರೆ ಓಗೊಡುತ್ತಿರಲಿಲ್ಲ. ಅಂಕೋಲೆಯ ಆಸ್ಪತ್ರೆಗೆ ಸೇರಿಸಿದರು.

ಮರುದಿನ ಬೆಳಗ್ಗೆ ನಾವು ಉಳಿದುಕೊಂಡಿದ್ದ ಮನೆಗೆ ಅಲೆಯ ಸದ್ದು ಕೇಳುತ್ತಿತ್ತು. "ಬ್ಯಾಡ, ಶಾಲ್ಮಲಾ," ಎಂದ ಮಲ್ಹಾರ. "ಇಷ್ಟ ದೂರ ಬಂದೀವಿ," ಎಂದೆ ನಾನು. ಹೋದೆವು. ಅಲೆ ಬಂದು ಪಾದ ಮುಟ್ಟಿತು. ನೀಲವ್ವ ಕಾಲು ಮಡಚಿಕೊಂಡು ಕೇಕೆ ಹಾಕಿದಳು. ನಾನೂ ಗಟ್ಟಿಯಾಗಿ ನಕ್ಕೆ. ನೀರಿನಲ್ಲಿದ್ದಷ್ಟು ಹೊತ್ತು ಆ ಮುದುಕರ ನೆನಪು ನನಗೆ ಬರಲಿಲ್ಲ.

ಅವರ ಜೀವ ಉಳಿಯಿತು. ಊರಿಗೆ ಬಂದ ಮೇಲೆ ನಾನೇ ಬಂಡಿಯವರ ಕಚೇರಿಗೆ ಹೋಗಿ ಸುಳ್ಳು ಒಪ್ಪಿಕೊಂಡೆ. ಐದು ಬೇಸಿಗೆ ಬಂಡಿ ಹತ್ತುವಂತಿಲ್ಲ ಎಂದರು. ಮನಸ್ಸು ಹಗುರಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಬಿಸಿಲು ತುಸು ಇಳಿದಾಗ, ಸಿಕ್ಕ ಸಿಕ್ಕ ಗಾಡಿ ಹಿಡಿದು, ಊರೂರಲ್ಲಿ ತಂಗುತ್ತ ಹುಬ್ಬಳ್ಳಿಗೆ ಹೋದೆವು. ಚನ್ನವೀರಪ್ಪ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಬೆರಳುಗಳು ನಡುಗುತ್ತಿದ್ದವು, ತಂಬಿಗೆ ಹಿಡಿಯಲೂ ಬರುತ್ತಿರಲಿಲ್ಲ. ಅರ್ಧ ಮಾಡಿದ ಹಾರ್ಮೋನಿಯಂ ಒಂದು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅವರು ನಮ್ಮನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ನೀಲವ್ವನನ್ನು ಕಂಡು ಕೇಳಿದರು:

"ಕೂಸು ಸಮುದ್ರ ನೋಡಿತೇನ ಯವ್ವಾ?"

ಸರ್ವಮಂಗಳಾ ಬಾಗಿಲಲ್ಲಿ ನಿಂತಿದ್ದಳು. ಇಲ್ಲ ಎಂದರೆ ಮುದುಕರು ನೊಂದಾರು, ಹೌದು ಎಂದರೆ ಅವಳ ಮುಂದೆ ಹೇಗೆ ಮುಖವೆತ್ತಲಿ?

"ನೋಡೇತ್ರಿ," ಎಂದೆ.

"ನಕ್ಕಿತೇನು?"

"ನಕ್ಕಿತ್ರಿ."

ಅವರ ಮುಖ ಅರಳಿತು. ಸರ್ವಮಂಗಳಾ ಮಜ್ಜಿಗೆಯ ಲೋಟಗಳನ್ನು ನಮ್ಮ ಮುಂದಿಟ್ಟು ಒಳಗೆ ಹೋದಳು. ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ.

ಮುತ್ತಜ್ಜಿ, ನಿಮ್ಮನ್ನು ಬೈಯಲು ಈಗ ನನಗೆ ಮುಖವಿಲ್ಲ. ಕೂಸನ್ನು ಕಡಲಿಗೆ ಒಯ್ಯಬೇಡಿ ಎನ್ನಲೂ ನಾಲಿಗೆ ಏಳದು. ಒಯ್ಯಿರಿ. ಅದು ನಕ್ಕರೆ ನೀವೂ ನಗಿರಿ. ನಕ್ಕಾದ ಮೇಲೆ ಮಾತ್ರ ಒಂದು ಸಲ ಸುತ್ತ ನೋಡಿ, ನಿಮಗಾಗಿ ಎದ್ದು ಬಿಸಿಲಿಗೆ ಹೋದವರು ಯಾರೆಂದು. ಕಣ್ಣಿಗೆ ಯಾರೂ ಬೀಳದಿದ್ದರೆ, ಅವರು ಇನ್ನೂ ಹುಟ್ಟಿಲ್ಲ ಎಂದಷ್ಟೇ ತಿಳಿಯಿರಿ.

ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು,
ಶಾಲ್ಮಲಾ