ಭಾವನ ಮುದ್ದೆಗೆ ಹಸುವಿನ ಪುಡಿ

ಕಿರಂಗೂರಿನ ಸೋಮಮ್ಮಕ್ಕನಿಗೆ,

ನಿನ್ನ ವೈದ್ಯಕ್ಕೆ ಆದ ಒಟ್ಟು ಖರ್ಚು: ಭಾವನ ಅರ್ಧ ತಲೆಗೂದಲು, ಎರಡು ಉಗುರು. ಅವರು ಪಕ್ಕದಲ್ಲೇ ಕೂತಿದ್ದಾರೆ, ಫೋನಿನಲ್ಲಿ ಹೇಳಲಾರೆ. ಅದಕ್ಕೇ ಈ ಕಾಗದ.

ಮಿದುಳಿಗೆ ಸೆಲೆನಿಯಂ ಬೇಕೆಂದು ನಿನಗೆ ಯಾರೋ ಹೇಳಿದ್ದು ಸುಳ್ಳಲ್ಲ. ಆದರೆ ಬೇಕಾದದ್ದು ಕಣ್ಣಿಗೂ ಕಾಣದಷ್ಟು. ದಿನದ ಊಟದಲ್ಲೇ ಸಿಗುತ್ತದಂತೆ. ನೀನು ನನ್ನ ಬೂಸಾ ಅಂಗಡಿಯ ಖನಿಜದ ಪುಡಿಯ ಚೀಲದ ಮೇಲೆ ಆ ಹೆಸರು ಓದಿ, ಭಾವನ ಮರೆವಿಗೆ ಮದ್ದು ಸಿಕ್ಕಿತು ಅಂದುಕೊಂಡೆ. ಇವತ್ತು ನಾನು ಕರೆದುಕೊಂಡು ಹೋದ ಡಾಕ್ಟರ ಮುಂದೆ ಭಾವನೇ ಬಾಯಿಬಿಟ್ಟರು: “ನಮ್ಮನೆಯೋಳು ಅಸೂಗೆ ಆಕೋ ಪುಡಿಯ ನನ್ ಮುದ್ದೆಗೆ ಕಲಸ್ತಾವ್ಳೆ ಕಣ್ ಸಾ. ಬಾಯೆಲ್ಲ ಬೆಳ್ಳುಳ್ಳಿ ವಾಸ್ನೆ. ಇನ್ನ ಕೊಟ್ಟಿಗೇಲಿ ಕಟ್ಟಾಕೋದೊಂದು ಬಾಕಿ!”

ಹೆಚ್ಚಾದರೆ ಸೆಲೆನಿಯಂ ವಿಷವಂತೆ, ಬಾಯಿಯ ಬೆಳ್ಳುಳ್ಳಿ ವಾಸನೆಯೂ ಅದರದೇ ಅಂತೆ. ನಿಲ್ಲಿಸಿದರೆ ಕೂದಲು ಬರುತ್ತದೆ. ಮರೆವು ಹೋಗುವುದಿಲ್ಲ, ಬರೆದುಕೊಟ್ಟ ಮಾತ್ರೆಯಿಂದ ನಿಧಾನವಾಗಬಹುದು ಎಂದರು.

ಈ ಕಾಗದ ಸಿಕ್ಕ ಕೂಡಲೇ ಪುಡಿಯನ್ನು ಕೊಟ್ಟಿಗೆಗೆ ಸಾಗಿಸು. ಭಾವನನ್ನು ಇವತ್ತು ಕಳಿಸಿದ ಹಾಗೆ ಇನ್ನು ಒಬ್ಬರನ್ನೇ ಬಸ್ಸು ಹತ್ತಿಸಬೇಡ.

ಯಾರಿಗೆ ಏನು ಲಾಭ ಅಂದರೆ, ಹಸುವಿಗೆ ಅದರ ಪುಡಿ, ಭಾವನಿಗೆ ಕೂದಲು. ನಿನಗೆ ಇಷ್ಟು: ಡಾಕ್ಟರು ಕೇಳಿದಾಗ ತಿಂಗಳು, ಊರು, ಪಕ್ಕದಲ್ಲಿದ್ದ ನನ್ನ ಹೆಸರು, ಯಾವುದೂ ಅವರಿಗೆ ಹೊಳೆಯಲಿಲ್ಲ. ನಿನ್ನ ಹೆಸರನ್ನು ಮಾತ್ರ ತಡವರಿಸದೆ ಹೇಳಿದರು.

ನಿನ್ನ ಬೂಸಾ ಅಂಗಡಿ ತಮ್ಮ,
ತಿಮ್ಮರಾಜು, ಪಾಂಡವಪುರ