ಬಕಾಸುರನ ಪರವಾಗಿ ಒಂದು ಬಿನ್ನಹ

ಭಾನುವಾರ, ಮಧ್ಯಾಹ್ನ

ಅಖಂಡ ಕುಟುಂಬ ಸಾಮ್ರಾಜ್ಯದ ಹಿರಿಯ ಚಕ್ರವರ್ತಿಗಳೂ, ಬಾಯ್ಲರ್ ಭಯಂಕರರೂ, ಕಲ್ಲಿದ್ದಲು ಕಂಠೀರವರೂ, ಸಕ್ಕರೆ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದಾಗ ಇರುವೆಗಳ ಮೇಲೆ ತಪ್ಪು ಹೊರಿಸುವುದರಲ್ಲಿ ಅದ್ವಿತೀಯರೂ, ಸದ್ಯ ಆಸ್ಪತ್ರೆಯ ಕಿಟಕಿ ಪಕ್ಕದ ಮಂಚದ ಮೇಲೆ ವಿರಾಜಮಾನರೂ ಆದ ನಮ್ಮ ತಾತನವರ ದಿವ್ಯ ಸನ್ನಿಧಾನಕ್ಕೆ,

ಮನೆಯ ಇಂಧನ ಮಂತ್ರಿಣಿಯೂ ತಮ್ಮ ಏಕೈಕ ಮೊಮ್ಮಗಳೂ ಆದ ನಾನು ಸಾಷ್ಟಾಂಗವೆರಗಿ ಬರೆಯುವುದೇನೆಂದರೆ, ನಾನಿಲ್ಲಿ ಕ್ಷೇಮ. ತಮ್ಮ ಕ್ಷೇಮದ ವರದಿಯನ್ನು ಅಮ್ಮ ದಿನಾ ಸಂಜೆ ತರುತ್ತಾಳೆ. ಆದರೆ ಅದು ಪೂರ್ತಿ ನಂಬುವಂಥದ್ದಲ್ಲ. ಚೆನ್ನಾಗಿದಾರೆ ಕಣೇ ಅಂದವಳೇ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾಳೆ. ನೀರು ಸುಮ್ಮನೆ ಹರಿಯುತ್ತಿರುತ್ತದೆ. ಇಂಧನ ಇಲಾಖೆಗೆ ನೀರಿನ ಮೇಲೆ ಅಧಿಕಾರವಿಲ್ಲವಾದ್ದರಿಂದ ನಾನೂ ಬಾಯಿ ಮುಚ್ಚಿಕೊಂಡಿದ್ದೇನೆ.

ಖುದ್ದಾಗಿ ಬಂದು ಬಿನ್ನವಿಸಿಕೊಳ್ಳೋಣವೆಂದರೆ ಮಕ್ಕಳನ್ನು ವಾರ್ಡಿನೊಳಗೆ ಬಿಡುವುದಿಲ್ಲವಂತೆ. ನಾನು ಮಗುವಲ್ಲ, ಮಂತ್ರಿ ಎಂದು ಬಾಗಿಲಲ್ಲಿ ಕೂತ ಕಾವಲುಗಾರರಿಗೆ ತಿಳಿಸಿದೆ. ಹೌದಾ ತಾಯಿ, ಕಾರು ಎಲ್ಲಿ ನಿಲ್ಸಿದೀರಿ ಅಂತ ಕೇಳಿದರು. ಆದ್ದರಿಂದ ಈ ಕಾಗದ. ಅಮ್ಮ ಔಷಧಿ ಅಂಗಡಿಗೆ ಹೋಗಿದ್ದಾಳೆ, ಬಂದು ಇದನ್ನು ತಮಗೆ ತಲುಪಿಸುತ್ತಾಳೆ. ಅವಳು ಓದಕೂಡದು. ಓದಿದರೆ ಮತ್ತೆ ನಲ್ಲಿ ಬಿಡುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಮಂಗಳವಾರ ತಮ್ಮನ್ನು ಮನೆಗೆ ಕಳಿಸುತ್ತಾರೆಂದು ಗೊತ್ತಾಯಿತು. ಅದರ ಜೊತೆಗೇ ಇನ್ನೊಂದು ಸಂಗತಿಯೂ ಗೊತ್ತಾಯಿತು. ಆಕ್ಸಿಜನ್ ಮಷೀನು ಬೆಳಗ್ಗೆ ಒಂದಿಷ್ಟು, ರಾತ್ರಿ ಒಂದಿಷ್ಟು ಹಾಕ್ಕೊಂಡ್ರೆ ಸಾಕಪ್ಪ, ಹಗಲೆಲ್ಲ ಯಾಕೆ ದಂಡಕ್ಕೆ ಅಂದಿರಂತೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಗಲೂ ಬೇಕು ರಾತ್ರಿಯೂ ಬೇಕು, ನಿಲ್ಲಿಸಿದರೆ ಮತ್ತೆ ಇಲ್ಲಿಗೇ ಬರ್ತೀರಿ, ಮುಂದಿನ ಸಲ ಇಲ್ಲಿಯವರೆಗೆ ಬಂದು ಮುಟ್ಟೋದೂ ಕಷ್ಟ ಅಂದರಂತೆ. ತಾವು ಗೋಡೆ ಕಡೆ ತಿರುಗಿ ಮಲಗಿಬಿಟ್ಟಿರಂತೆ.

ಈ ಬಗ್ಗೆ ಏಕಸದಸ್ಯ ವಿಚಾರಣಾ ಆಯೋಗವನ್ನು ನೇಮಿಸಲಾಯಿತು. ಆ ಸದಸ್ಯೆ ನಾನೇ. ಆಯೋಗ ಕಂಡುಕೊಂಡದ್ದು ಇಷ್ಟು.

ತರಗತಿಯಲ್ಲಿ ಇಂಧನದ ಮೂಲಗಳ ಪಾಠ ನಡೆದಾಗ ಗಾಳಿ, ಬಿಸಿಲು, ಹರಿಯುವ ನೀರು ಎಲ್ಲ ಬಂದು ಹೋದವು. ಕಲ್ಲಿದ್ದಲ ಸರದಿ ಬಂದಾಗ ನಾನು ಎದ್ದು ನಿಂತು ತಾವು ಹೇಳಿಕೊಟ್ಟದ್ದನ್ನೇ ಹೇಳಿದೆ. ಕಲ್ಲಿದ್ದಲು ಅಂದ್ರೆ ಮಣ್ಣಿನಡಿ ಹೂತುಹೋದ ಕಾಡು, ನಮ್ಮ ತಾತ ವಿದ್ಯುತ್ ಸ್ಥಾವರದಲ್ಲಿ ಆ ಕಾಡನ್ನ ಉರಿಸಿ ಊರಿಗೆಲ್ಲ ದೀಪ ಕೊಡ್ತಿದ್ರು ಅಂತ. ಟೀಚರು ಅದನ್ನು ಬೋರ್ಡಿನ ಮೇಲೆ ಬರೆದರು. ನನಗೆ ಆ ಮಾತು ಹೇಳಿಕೊಟ್ಟ ದಿನ ತಾವು ಕೆಮ್ಮಿ ಕೆಮ್ಮಿ, ಎದೆ ತಟ್ಟಿಕೊಂಡು, ಅರ್ಧ ಕಾಡು ಇಲ್ಲೇ ಉಳ್ಕೊಂಡಿದೆ ಕಣೇ ಕಿತಾಪತಿ ಅಂತ ನಕ್ಕಿರಲ್ಲ, ಅದನ್ನು ಮಾತ್ರ ನಾನು ಹೇಳಲಿಲ್ಲ.

ಆಮೇಲೆ ಸ್ಪರ್ಧೆ ಬಂತು. ಯಾರ ಮನೆಯ ಮೀಟರು ಆ ತಿಂಗಳು ಎಲ್ಲರಿಗಿಂತ ಕಡಿಮೆ ಓಡುತ್ತದೋ ಅವರಿಗೆ ಶಾಲೆಯ ತಾರಸಿ ಮೇಲಿನ ಹೊಸ ಸೌರಫಲಕದ ಸ್ವಿಚ್ಚು ಒತ್ತುವ ಭಾಗ್ಯ. ಸ್ವಿಚ್ಚು ಅಂದರೆ ನನಗೆ ಹುಚ್ಚು ಅಂತ ತಮಗೆ ಗೊತ್ತು. ನಾನೇ ಮಂತ್ರಿಯಾದೆ, ನಾನೇ ಪ್ರಮಾಣವಚನ ಬೋಧಿಸಿಕೊಂಡೆ. ಯಾರೂ ನೋಡದ ಟೀವಿಯ ಪ್ಲಗ್ಗು ಕಿತ್ತೆ. ಫ್ರಿಜ್ಜಿನ ಮುಂದೆ ಬಾಗಿಲು ತೆರೆದು ಧ್ಯಾನಕ್ಕೆ ನಿಲ್ಲುವ ಅಮ್ಮನಿಗೆ ಛೀಮಾರಿ ಹಾಕಿದೆ. ಯಾವುದು ಎಷ್ಟು ದೊಡ್ಡ ತುತ್ತು ನುಂಗುತ್ತೆ ಅನ್ನೋದಷ್ಟೇ ಅಲ್ಲ, ಎಷ್ಟು ಹೊತ್ತು ಉಣ್ತಾ ಕೂರುತ್ತೆ ಅನ್ನೋದೂ ಮುಖ್ಯ ಅಂತ ಟೀಚರು ಹೇಳಿದ್ದರು. ಅದರ ಪ್ರಕಾರ ಎಲ್ಲಕ್ಕೂ ಬಿರುದಿನ ಚೀಟಿ ಅಂಟಿಸಿದೆ. ಇಸ್ತ್ರಿಪೆಟ್ಟಿಗೆಗೆ ‘ಗುಳುಂ ಗುಂಡ’. ಹಗಲೂ ರಾತ್ರಿ ಎಲೆ ಬಿಟ್ಟು ಏಳದ ತಮ್ಮ ಮಷೀನಿಗೆ ‘ಈ ಮನೆಯ ಬಕಾಸುರ’.

ತಾವು ಓದಿ ಹೊಟ್ಟೆ ಹಿಡಿದು ನಕ್ಕಿರಿ. ನಾನೂ ನಕ್ಕೆ. ವ್ಯವಹಾರ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಅಮ್ಮ ಕೆಲಸಕ್ಕೆ, ನಾನು ಶಾಲೆಗೆ ಹೊರಟ ಮೇಲೆ ತಾವು ಮಷೀನು ಆರಿಸಿ, ಅಕಸ್ಮಾತ್ ಯಾರಾದರೂ ಬಂದರೆ ಅನುಮಾನ ಬರಬಾರದೆಂದು ಕೊಳವೆಯನ್ನು ಮೂಗಿನಲ್ಲೇ ಇಟ್ಟುಕೊಂಡು ಕೂರುತ್ತಿದ್ದಿರಿ. ನಾವು ಬರುವ ಹೊತ್ತಿಗೆ ಮತ್ತೆ ಹಾಕುತ್ತಿದ್ದಿರಿ. ಮೀಟರು ನಿಧಾನವಾಗಿದೆ ತಾತ ಅಂತ ನಾನು ಕುಣಿದಾಗ, ಮಂತ್ರಿ ಅಂದ್ರೆ ಹಿಂಗಿರಬೇಕು ಅಂದಿರಿ. ತಾವು ಆಸ್ಪತ್ರೆ ಸೇರಿದ ದಿನ ಅಮ್ಮ ಕನ್ನಡಕ ಮರೆತು ಹೋಗಿ ಅರ್ಧ ದಾರಿಯಿಂದ ವಾಪಸು ಬರದೇ ಇದ್ದಿದ್ದರೆ? ತಮ್ಮ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು ಅಂತ ಅವಳು ಒಂದೇ ಒಂದು ಸಲ ಹೇಳಿದಳು.

ಆಯೋಗ ವಿಷಾದ ವ್ಯಕ್ತಪಡಿಸುತ್ತದೆ. ಆಯೋಗ ಅಂದರೆ ನಾನು. ಚೀಟಿ ಕಿತ್ತಿದ್ದೇನೆ. ಅಂಟು ಹೋಗಿಲ್ಲ, ದಿನಾ ಉಗುರಿನಲ್ಲಿ ಕೆರೆಯುತ್ತಿದ್ದೇನೆ.

ನನ್ನ ಗೆಳತಿಯೊಬ್ಬಳ ತಾತ ಹೀಗೆ ಮಾಡಿದರು ಅಂತ ಟೀಚರ ಹತ್ತಿರ ಹೇಳಿ ನೋಡಿದೆ. ಅವರು ಯಾವ ಗೆಳತಿ ಅಂತ ಕೇಳಲಿಲ್ಲ. ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಉಳಿಸೋದು ಅಂದ್ರೆ ಯಾರಿಗೂ ಬೇಡದೆ ಉರೀತಿರೋದನ್ನ ಆರಿಸೋದು ಪುಟ್ಟೀ, ಉಸಿರಿಗೆ ಬೇಕಾದ್ದನ್ನ ಆರಿಸಿ ಉಳಿಸೋಕೆ ಏನಿದೆ, ನಿನ್ನ ಗೆಳತಿಗೆ ಹೇಳು ಅಂದರು. ಗೆಳತಿಗೆ ಹೇಳಿದ್ದೇನೆ. ಅವಳ ತಾತ ಕೇಳಬೇಕಲ್ಲ.

ಸ್ಪರ್ಧೆಯ ಫಲಿತಾಂಶವೂ ಬಂತು. ಗೆದ್ದವಳು ಮೂರನೇ ಬೆಂಚಿನ ಹುಡುಗಿ. ಅವರ ಮನೆಯವರೆಲ್ಲ ಯಾರದೋ ಬಾಣಂತನಕ್ಕೆಂದು ಹೋಗಿ ತಿಂಗಳೆಲ್ಲ ಮನೆಗೆ ಬೀಗ ಬಿದ್ದಿತ್ತು. ಇಡೀ ತರಗತಿ ಮೋಸ ಮೋಸ ಅಂತ ಕೂಗಿತು. ನಾನು ಕೂಗಲಿಲ್ಲ. ಎಲ್ಲಕ್ಕಿಂತ ಕಡಿಮೆ ಕರೆಂಟು ಖರ್ಚಾಗೋದು ಯಾರೂ ಇಲ್ಲದ ಮನೆಯಲ್ಲಿ ತಾತ. ನಮ್ಮ ಮನೆ ಹಾಗೆ ಗೆಲ್ಲೋದು ನನಗೆ ಬೇಡ. ನಮ್ಮ ಮೀಟರು ಓಡಲಿ, ಎದ್ದು ಬಿದ್ದು ಓಡಲಿ. ನೀನು ಇರು. ಬೇಕಾದರೆ ನಾನು ಜೀವನಪೂರ್ತಿ ಕತ್ತಲಲ್ಲಿ ಸ್ನಾನ ಮಾಡ್ತೀನಿ, ಕೈಲಿ ತಿಕ್ಕಿ ಬಟ್ಟೆ ಮಡಿಕೆ ಬಿಡಿಸ್ತೀನಿ, ಅದರಲ್ಲೇನು ಬೇಕೋ ಉಳಿಸ್ಕೋ. ಆ ಒಂದು ಸ್ವಿಚ್ಚು ಮಾತ್ರ ಮುಟ್ಟಬೇಡ.

ಕ್ಷಮಿಸಬೇಕು, ಭಾಷೆ ಜಾರಿತು. ತಾವು ಮಂಗಳವಾರ ಹೊರಡುವ ಮುನ್ನ ಡಾಕ್ಟರ ಎದುರು ಅಮ್ಮನ ಕೈಮೇಲೆ ಕೈಯಿಟ್ಟು ಮಾತು ಕೊಡತಕ್ಕದ್ದು. ಕೊಡದಿದ್ದರೆ ನಾನು ಶಾಲೆ ಬಿಟ್ಟು ಮಷೀನಿನ ಪಕ್ಕ ಪಹರೆ ಕೂರುತ್ತೇನೆ. ಓದು ಕೆಟ್ಟು ದನ ಕಾಯುವ ಹಾಗಾದರೆ ಆ ಪಾಪ ಚಕ್ರವರ್ತಿಗಳ ಪಾದಕ್ಕೇ ಸುತ್ತಿಕೊಳ್ಳುತ್ತದೆ.

ಇಂತು ತಮ್ಮ ಅಪ್ಪಣೆಯ ದಾರಿ ಕಾಯುತ್ತಿರುವ,
ಮಾಜಿ ಇಂಧನ ಮಂತ್ರಿ,
ಕಿತಾಪತಿ

ಮರೆತ ಮಾತು: ಮನೆಯಲ್ಲಿ ಈಗ ಸದ್ದೇ ಇಲ್ಲ. ಮಷೀನಿನ ಆ ಗುರ್ರ್ ಮತ್ತು ನಡುನಡುವೆ ಪುಸ್ ಇಲ್ಲದೆ ನನಗೆ ಓದಲು ಬರುವುದಿಲ್ಲ. ಹಾಗಾಗಿ ಶಾಲೆಯಿಂದ ಬಂದ ಮೇಲೆ, ಅಮ್ಮ ಬರುವವರೆಗೆ, ತಮ್ಮ ಕೋಣೆಯಲ್ಲಿ ಅದನ್ನು ಹಾಕಿಟ್ಟುಕೊಂಡು ಕೂರುತ್ತೇನೆ. ಯಾರ ಮೂಗಿಗೂ ಅಲ್ಲ, ಸುಮ್ಮನೆ. ಇದನ್ನು ಬರೆಯುತ್ತಿರುವಾಗಲೂ ಓಡುತ್ತಿದೆ. ಶುದ್ಧ ದಂಡ. ಟೀಚರಿಗೆ ಹೇಳಬೇಡಿ.